ನಿಮಗಿದು ಗೊತ್ತೇ? ಕಾಲಡಿಯ ಕಂಬಳಿಗೂ ವಿಮಾನದಲ್ಲಿ ತಕ್ಕಡಿ!

ಮನೆಗೆ ಕಾರ್ಪೆಟ್ ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಬಣ್ಣ, ಮೆತ್ತಗಿದೆಯೇ, ದರ ಎಷ್ಟು. ಅಷ್ಟೇ ತಾನೇ? ತಮ್ಮ ಕೈಯಾರೆ ಪುಟ್ಟ ವಿಮಾನ ಕಟ್ಟಿಕೊಳ್ಳುವವರು ಕೇಳುವ ಪ್ರಶ್ನೆಗಳೇ ಬೇರೆ. ಒಂದು, ಇದು ಎಷ್ಟು ಗ್ರಾಂ? ಎರಡು, ಬೆಂಕಿ ತಗುಲಿದರೆ ಏನಾಗುತ್ತದೆ? ಮೂರು, ಇದು ನೀರು ಕುಡಿಯುತ್ತದೆಯೇ? ಬನ್ನಿ, ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ನೀಲಗಿರಿ ಬೆಟ್ಟ ಹತ್ತೋಣ. ಒಂದು ತುಂಡು ನೆಲಹಾಸಿನಲ್ಲಿ ಎಷ್ಟೊಂದು ಬೆರಗು ಅಡಗಿದೆ ನೋಡಿ!

ಮನೆಯಲ್ಲೇ ವಿಮಾನವೇ?

ಹೌದು, ಮನೆಯಲ್ಲೇ! ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತದೆ. ಕೊಂಡವರು ಗ್ಯಾರೇಜಿನಲ್ಲಿ ಕೂತು ರಿವೆಟ್ ಹೊಡೆದು ಜೋಡಿಸುತ್ತಾರೆ. ಹೀಗೆ ಕಟ್ಟಿದ ‘ಆರ್‌ವಿ’ ವಿಮಾನಗಳಲ್ಲಿ 11 ಸಾವಿರಕ್ಕೂ ಹೆಚ್ಚು ಈಗಾಗಲೇ ಆಕಾಶ ಕಂಡಿವೆ!

ಅಲ್ಲಿ ಒಂದು ನಿಯಮವಿದೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಮಾಡಿರಬೇಕು. ಹಾಗಾದರೆ ಮಾತ್ರ ಅದು ‘ಮನೆಯಲ್ಲಿ ಕಟ್ಟಿದ ವಿಮಾನ’. ಜನ ಇದನ್ನು ‘ಶೇ. 51ರ ನಿಯಮ’ ಎಂದೇ ಕರೆಯುತ್ತಾರೆ.

ನಮ್ಮಲ್ಲಿ ಯಾರು ಕಟ್ಟುತ್ತಾರೆ ಎನ್ನುತ್ತೀರಾ? ಪೈಲಟ್ ಅಮೋಲ್ ಯಾದವ್ ಮುಂಬೈನ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ಅದನ್ನು ಕೆಳಗಿಳಿಸಲು ಕ್ರೇನ್ ತರಿಸಬೇಕಾಯಿತು! 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಜನ ಅದನ್ನು ಮುತ್ತಿಕೊಂಡು ನೋಡಿದರು. 2017ರಲ್ಲಿ ಅದಕ್ಕೆ ನೋಂದಣಿಯೂ ಸಿಕ್ಕಿತು.

ಇನ್ನೂ ಹಿಂದಕ್ಕೆ ಹೋಗೋಣವೇ? ಬ್ರಿಟಿಷರ ಕಾಲದಲ್ಲಿ ನೀಲಗಿರಿಯ ಊಟಿ ಮದ್ರಾಸ್ ಪ್ರಾಂತ್ಯದ ಬೇಸಿಗೆ ರಾಜಧಾನಿ. ಅದೇ ಕಾಲದ ಮದ್ರಾಸಿನಲ್ಲಿ ಡಾಂಜೆಲಿಸ್ ಎಂಬ ಹೋಟೆಲ್ ಮಾಲೀಕನಿದ್ದ. ತಿಂಡಿ ತಿನಿಸಿನ ವ್ಯಾಪಾರಿಗೆ ಹಾರುವ ಹುಚ್ಚು! ಸಿಂಪ್ಸನ್ ಕಾರ್ಖಾನೆಯಲ್ಲಿ ವಿಮಾನ ಮಾಡಿಸಿ, 1910ರ ಮಾರ್ಚ್‌ನಲ್ಲಿ ಪಲ್ಲಾವರದ ಬಯಲಿನಲ್ಲಿ ಹಾರಿಸಿಯೇ ಬಿಟ್ಟ. ರೈಟ್ ಸಹೋದರರು ಹಾರಿ ಆಗಿನ್ನೂ ಏಳು ವರ್ಷವೂ ತುಂಬಿರಲಿಲ್ಲ!

ನಮ್ಮ ಬೆಂಗಳೂರಿನ ಕೈಚಳಕ ಗೊತ್ತೇ? ಇಲ್ಲಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ‘ಎಕ್ಸ್-ಏರ್’ ಎಂಬ ಹಗುರ ವಿಮಾನಗಳು ಬಿಡಿಭಾಗಗಳ ಪೆಟ್ಟಿಗೆಯಾಗಿ ದೇಶ ದೇಶಗಳಿಗೆ ಹೋದವು. ಕೊಳವೆಗಳ ಚೌಕಟ್ಟು, ಅದರ ಮೇಲೆ ಹಾಯಿಬಟ್ಟೆ. ದಿಂಬಿಗೆ ಗವಸು ತೊಡಿಸಿದಂತೆ ರೆಕ್ಕೆಗೆ ಬಟ್ಟೆ ತೊಡಿಸುವುದು! ಮುಂದೆ ಬಂದ ಮಾದರಿಯೊಂದರ ಹೆಸರೇನು ಗೊತ್ತೇ? ‘ಹನುಮಾನ್’!

ಬೆಂಗಳೂರಿನ ಎನ್‌ಎಎಲ್ ಎಂಬ ವಿಮಾನ ಸಂಶೋಧನಾ ಸಂಸ್ಥೆ ಕೂಡ ಹೀಗೇ ಶುರು ಮಾಡಿತು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ‘ಲಾಂಗ್-ಈಜಿ’ ಎಂಬ ವಿಮಾನದ ನಕ್ಷೆ ಮಾಡಿದ್ದರು. ಅದೇ ನಕ್ಷೆ ಹಿಡಿದು ನಮ್ಮ ವಿಜ್ಞಾನಿಗಳು ಫೋಮು, ಗಾಜಿನ ನಾರುಗಳಿಂದ ಪುಟ್ಟ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಆ ಪಳಗಿದ ಕೈಗಳಿಂದಲೇ ಮುಂದೆ, 1993ರಲ್ಲಿ, ಎರಡು ಸೀಟಿನ ‘ಹಂಸ’ ಹಾರಿತು!

ಇದು ಎಷ್ಟು ಗ್ರಾಂ?

ಈಗ ಬೆಟ್ಟ ಹತ್ತೋಣ. ಊಟಿ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಹಾಕ್ಕಿಟ್ಟ ನೀರು 100 ಡಿಗ್ರಿಗೆ ಕಾಯುವುದೇ ಇಲ್ಲ. 92-93 ಡಿಗ್ರಿಗೇ ಕುದಿದು ಬಿಡುತ್ತದೆ! ಕಾರಣ, ಗಾಳಿ ಅಷ್ಟು ತೆಳು.

ತೆಳು ಗಾಳಿ ಎಂಜಿನ್ನನ್ನೂ ಬಿಡುವುದಿಲ್ಲ. ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್, ಊಟಿಯ ಎತ್ತರದಲ್ಲಿ ತನ್ನ ಬಲದ ಐದನೇ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. 100 ಕುದುರೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕುದುರೆಗಳು ಬೆಟ್ಟದ ಕೆಳಗೇ ಉಳಿದಂತೆ! ರೆಕ್ಕೆಗೂ ಅದೇ ಪಾಡು. ಹಾಗಾಗಿ ಬೆಟ್ಟದ ಮೇಲೆ ಹಾರುವವರಿಗೆ ಪ್ರತಿ ಗ್ರಾಮೂ ಲೆಕ್ಕ.

ಈಗ ಕಾರ್ಪೆಟ್ ಲೆಕ್ಕ ಹಾಕಿ. ಚದರ ಮೀಟರಿಗೆ ಒಂದೇ ಒಂದು ಕಿಲೋ ಹೆಚ್ಚು ತೂಗುವ ಕಾರ್ಪೆಟ್ ಆರಿಸಿದಿರಿ ಎನ್ನಿ. ನೆಲ, ಪಕ್ಕದ ಗೋಡೆ, ಸಾಮಾನು ಇಡುವ ಜಾಗ ಸೇರಿ ನಾಲ್ಕು ಚದರ ಮೀಟರ್. ನಾಲ್ಕು ಕಿಲೋ ಹೆಚ್ಚಾಯಿತು. ನಾಲ್ಕು ಕಿಲೋ ಎಂದರೆ ಸುಮಾರು ಐದೂವರೆ ಲೀಟರ್ ಪೆಟ್ರೋಲ್!

ಐದೂವರೆ ಲೀಟರ್ ಏನು ಮಹಾ ಎನ್ನಬೇಡಿ. ಹಗುರ ವಿಮಾನದ ಎಂಜಿನ್ ಗಂಟೆಗೆ ಸುಮಾರು 16 ಲೀಟರ್ ಕುಡಿಯುತ್ತದೆ. ಅಂದರೆ 20 ನಿಮಿಷದ ಹಾರಾಟ ಹೋಯಿತು. 20 ನಿಮಿಷದಲ್ಲಿ 50 ಕಿಲೋಮೀಟರ್ ಹೋಗಬಹುದು. ಊಟಿಯಿಂದ ಗೂಡಲೂರಿಗೆ ರಸ್ತೆಯಲ್ಲಿ ಇರುವ ದೂರವೂ ಸರಿಸುಮಾರು ಅಷ್ಟೇ! ತುಂಬಿದ ವಿಮಾನದಲ್ಲಿ ದಪ್ಪ ಕಾರ್ಪೆಟ್ ಬೇಕೆಂದರೆ ಅಷ್ಟು ದೂರದ ಪೆಟ್ರೋಲನ್ನು ಕೆಳಗೇ ಬಿಟ್ಟು ಹೊರಡಬೇಕು.

ಕಾರ್ಪೆಟ್‌ನ ಭಾರವೆಲ್ಲ ಮೇಲಿನ ಎಳೆಗಳಲ್ಲೇ ಇದೆ ಎಂದುಕೊಂಡಿರಾ? ತಿರುಗಿಸಿ ನೋಡಿ. ಬೆನ್ನಿಗೆ ಅಂಟಿಸಿದ ರಬ್ಬರು, ಫೋಮು, ಸೆಣಬೂ ಸಾಕಷ್ಟು ತೂಗುತ್ತವೆ. ಅದಕ್ಕೇ ವಿಮಾನ ಕಟ್ಟುವವರು ಅಂಗಡಿಯಲ್ಲಿ ಮೊದಲು ಸವರುವುದು ಕಾರ್ಪೆಟ್‌ನ ಬೆನ್ನನ್ನು!

ಭಾರ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಮುಖ್ಯ. ವಿಮಾನವೂ ಒಂದು ತಕ್ಕಡಿಯೇ. ಬಾಲದ ಕಡೆ ಭಾರ ಹೆಚ್ಚಾದರೆ ಮೂಗು ಮೇಲೇಳಲು ನೋಡುತ್ತದೆ. ಸೀಟಿನ ಹಿಂದಿನ ಸಾಮಾನು ಕೋಣೆಗೆ ಹಾಸಿದ ಒಂದು ಕಿಲೋ, ಕಾಲಡಿಯ ಒಂದು ಕಿಲೋಗಿಂತ ಬೇರೆಯದೇ ಕಥೆ ಹೇಳುತ್ತದೆ!

ಬೆಂಕಿ ತಗುಲಿದರೆ?

ಪ್ರಯಾಣಿಕರ ದೊಡ್ಡ ವಿಮಾನದ ಕಾರ್ಪೆಟ್‌ಗೆ ಅಗ್ನಿಪರೀಕ್ಷೆ ಇದೆ. ಮಾತಿಗೆ ಹೇಳುತ್ತಿಲ್ಲ, ನಿಜವಾದ ಬೆಂಕಿಯದೇ ಪರೀಕ್ಷೆ! ತುಂಡನ್ನು ನೇರ ತೂಗುಹಾಕಿ ಕೆಳಗಿನಿಂದ 12 ಸೆಕೆಂಡು ಉರಿ ಹಿಡಿಯುತ್ತಾರೆ. ಆ ಉರಿಯ ಬಿಸಿ 840 ಡಿಗ್ರಿಗೂ ಮೇಲೆ. ಉರಿ ತೆಗೆದ ಮೇಲೆ ಬೆಂಕಿ 15 ಸೆಕೆಂಡಿನೊಳಗೆ ತಾನಾಗಿಯೇ ಆರಬೇಕು. ಸುಟ್ಟ ಗುರುತು ಸುಮಾರು 20 ಸೆಂಟಿಮೀಟರ್ ದಾಟಬಾರದು. ತೊಟ್ಟಿಕ್ಕಿದ ಹನಿ ಐದು ಸೆಕೆಂಡಿಗಿಂತ ಹೆಚ್ಚು ಉರಿಯಬಾರದು!

12 ಸೆಕೆಂಡು ಎಂದೊಡನೆ ಏನಾದರೂ ನೆನಪಾಯಿತೇ? 1903ರ ಡಿಸೆಂಬರ್ 17ರಂದು ಆರ್ವಿಲ್ ರೈಟ್ ಹಾರಿದ ಮೊದಲ ಹಾರಾಟವೂ 12 ಸೆಕೆಂಡು! ಆ ವಿಮಾನದಲ್ಲಿ ಕಾರ್ಪೆಟ್ ಹಾಸಲು ನೆಲವೇ ಇರಲಿಲ್ಲ. ಆರ್ವಿಲ್ ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಿಕೊಂಡೇ ಹಾರಿದ್ದು.

ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅಮೆರಿಕದಲ್ಲಿ ಈ ಅಗ್ನಿಪರೀಕ್ಷೆಯ ಕಡ್ಡಾಯವಿಲ್ಲ. ಬದಲಿಗೆ ಒಳಗೆ ಒಂದು ಫಲಕ ಇರಲೇಬೇಕು. ಇದು ಹವ್ಯಾಸಿಗಳು ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿಲ್ಲ ಎಂದು ಅದು ಪ್ರಯಾಣಿಕರಿಗೆ ಮೊದಲೇ ತಿಳಿಸುತ್ತದೆ. ಆದರೂ ಕಟ್ಟುವವರು ಸುಮ್ಮನಿರುವುದಿಲ್ಲ. ಕಾರ್ಪೆಟ್‌ನ ಒಂದು ಚೂರನ್ನು ಬಯಲಿಗೆ ಒಯ್ದು, ಪಕ್ಕದಲ್ಲಿ ನೀರಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ತಾವೇ ಸುಟ್ಟು ನೋಡುತ್ತಾರೆ. ಕೂರುವುದು ತಮ್ಮವರೇ ಅಲ್ಲವೇ?

ಈ ಪರೀಕ್ಷೆಯಲ್ಲಿ ಗಟ್ಟಿಗ ಯಾರು ಗೊತ್ತೇ? ಕುರಿ! ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟು. ಉಣ್ಣೆ ಉರಿಯುತ್ತಲೇ ಇರಬೇಕಾದರೆ ಸುಮಾರು ಶೇ. 25ರಷ್ಟು ಬೇಕು. ಹಾಗಾಗಿ ಸಣ್ಣ ಕಿಡಿ ಬಿದ್ದರೆ ಉಣ್ಣೆ ಕರಕಲಾಗಿ ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ವಿಮಾನಗಳಲ್ಲೂ ಉಣ್ಣೆಯ ಕಾರ್ಪೆಟ್ ಬಳಸುತ್ತಾರೆ!

ಕನ್ನಡದಲ್ಲಿ ಕಾರ್ಪೆಟ್‌ಗೆ ಏನೆನ್ನುತ್ತೇವೆ? ರತ್ನಗಂಬಳಿ! ಹೆಸರಿನೊಳಗೇ ಕಂಬಳಿ ಇದೆ, ಕಂಬಳಿಯೊಳಗೆ ಕುರಿ ಇದೆ. ಒಳ್ಳೆಯ ನೆಲಹಾಸು ಎಲ್ಲಿಂದ ಬರುತ್ತದೆ ಎಂದು ನಮ್ಮ ಮಾತಿಗೆ ಮೊದಲೇ ಗೊತ್ತಿತ್ತು!

ನೀಲಗಿರಿಗೆ ತನ್ನದೇ ಕುರಿ ತಳಿ ಇದೆ ಗೊತ್ತೇ? ಹೆಸರೂ ‘ನೀಲಗಿರಿ’ಯೇ. 19ನೇ ಶತಮಾನದಲ್ಲಿ ಕೊಯಮತ್ತೂರಿನ ಕುರಿಗೆ ಟ್ಯಾಸ್ಮೇನಿಯಾದ ಮೆರಿನೋ, ಬ್ರಿಟನ್ನಿನ ಷೆವಿಯಟ್, ಸೌತ್‌ಡೌನ್ ತಳಿಗಳು ಬೆರೆತು ಹುಟ್ಟಿದ್ದು. ನಾಲ್ಕು ತಳಿ, ಒಂದೇ ಬೆಟ್ಟ! ಊಟಿ ಬಳಿಯ ಸ್ಯಾಂಡಿನಲ್ಲಾದ ಕುರಿ ಸಂಶೋಧನಾ ಕೇಂದ್ರ ಇಂದಿಗೂ ಈ ತಳಿಯನ್ನು ಕಾಪಾಡಿಕೊಂಡು ಬಂದಿದೆ.

ಹಾಗಾದರೆ ನೀಲಗಿರಿ ಉಣ್ಣೆಯಿಂದಲೇ ವಿಮಾನಕ್ಕೆ ಹಾಸೋಣವೇ? ತಾಳಿ! ಅದು ನವಿರಾದ ಉಣ್ಣೆ, ಸ್ವೆಟರಿಗೆ ಹೇಳಿ ಮಾಡಿಸಿದ್ದು. ಕಾಲಡಿಗೆ ಬೇಕಾದದ್ದು ಒರಟು ಎಳೆ. ತುಳಿದರೂ ಮತ್ತೆ ಎದ್ದು ನಿಲ್ಲಬೇಕು. ಮೈಗೆ ಹಿತವಾದದ್ದೇ ಪಾದಕ್ಕೂ ಒಳ್ಳೆಯದು ಎನ್ನುವಂತಿಲ್ಲ!

ಒರಟು ಉಣ್ಣೆ ಎಂದರೆ ನಮ್ಮ ಬಯಲುಸೀಮೆಯ ಕುರಿಗಳದ್ದು. ಚಳ್ಳಕೆರೆಯ ಕಡೆ ಕಂಬಳಿ ನೇಯುವವರು ಮಗ್ಗದ ಹಾಸಿನ, ಅಂದರೆ ಉದ್ದದ, ನೂಲಿಗೆ ಏನು ಹಚ್ಚುತ್ತಾರೆ ಗೊತ್ತೇ? ಹುಣಸೆ ಬೀಜದ ಗಂಜಿ! ನಾವು ಉಗಿದು ಎಸೆಯುವ ಬೀಜವನ್ನು ಅರೆದು ಕುದಿಸಿ ಹಚ್ಚಿದರೆ ನೂಲು ಮಗ್ಗದ ಎಳೆದಾಟಕ್ಕೆ ಬಗ್ಗದಷ್ಟು ಬಿಗಿಯಾಗುತ್ತದೆ.

ನವಲಗುಂದದ ಜಮಖಾನೆ ಕಂಡಿದ್ದೀರಾ? ಮಹಿಳೆಯರೇ ನೇಯುವ, ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಚೆಲುವೆ ಅದು. ಆದರೆ ಅದು ಹತ್ತಿ. ಉರಿಯುತ್ತಿರಲು ಹತ್ತಿಗೆ ಶೇ. 18ರಷ್ಟು ಆಮ್ಲಜನಕ ಸಾಕು. ಗಾಳಿಯಲ್ಲಿ ಅದಕ್ಕಿಂತ ಹೆಚ್ಚೇ ಇದೆಯಲ್ಲ! ಮದುವೆ ಮನೆಯ ಜಗಲಿಗೆ ಜಮಖಾನೆಯೇ ಸರಿ. ಎಂಜಿನ್ನಿನ ಬೆನ್ನಿಗೆ ಉಣ್ಣೆಯೇ ಸರಿ.

ನೈಲಾನ್ ಹಗುರ, ಗಟ್ಟಿ, ಅಗ್ಗ. ಆದರೆ ಒಂದು ಬಗೆಯ ನೈಲಾನ್ 220 ಡಿಗ್ರಿಗೇ ಕರಗುತ್ತದೆ. ಇನ್ನೂ ಅಗ್ಗದ ಪಾಲಿಪ್ರೊಪಿಲೀನ್ 165ರ ಆಸುಪಾಸಿನಲ್ಲೇ ನೀರಾಗುತ್ತದೆ! ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಉಣ್ಣೆ ಕರಗುವುದೇ ಇಲ್ಲ.

ಯಾವುದು ಯಾವ ಎಳೆ ಎಂದು ಕಂಡುಹಿಡಿಯುವುದು ಹೇಗೆ? ಒಂದೇ ಒಂದು ಎಳೆ ಕಿತ್ತು, ಬಯಲಿನಲ್ಲಿ ಇಕ್ಕಳದಿಂದ ಹಿಡಿದು ದೀಪಕ್ಕೆ ಮುಟ್ಟಿಸಿ. ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಸುಟ್ಟ ಕಾಗದದ ವಾಸನೆಯಾದರೆ ಹತ್ತಿ. ಕುಗ್ಗಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ನೈಲಾನಿನ ಬಳಗ. ಪ್ರಯೋಗಶಾಲೆಯೇ ಬೇಡ, ಮೂಗು ಸಾಕು!

ನೀರು ಕುಡಿಯುತ್ತದೆಯೇ?

ಉಣ್ಣೆಗೆ ಒಂದು ಗುಟ್ಟಿನ ಚಟವಿದೆ. ಗಾಳಿಯ ತೇವವನ್ನು ಹೀರಿ ಹೀರಿ, ತನ್ನ ತೂಕದ ಸುಮಾರು ಶೇ. 30ರಷ್ಟು ನೀರನ್ನು ಒಳಗೇ ಇಟ್ಟುಕೊಳ್ಳಬಲ್ಲದು. ಮುಟ್ಟಿದರೆ ಒದ್ದೆ ಎನಿಸುವುದೂ ಇಲ್ಲ!

ಗೂಡಲೂರಿನ ಮುಂಗಾರು ನೆನಪಿಸಿಕೊಳ್ಳಿ. ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ದಿನಗಳು. ಅಲ್ಲೊಂದು ಶೆಡ್ಡಿನಲ್ಲಿ ವಿಮಾನ ನಿಂತಿದ್ದು, ಅದರ ಕಾರ್ಪೆಟ್‌ನಲ್ಲಿ ಪೂರ್ತಿ ಒಣಗಿದ ಐದು ಕಿಲೋ ಉಣ್ಣೆ ಇದೆ ಎನ್ನಿ. ಸದ್ದಿಲ್ಲದೆ ಅದು ಒಂದೂವರೆ ಕಿಲೋ ಹೆಚ್ಚು ತೂಗಬಹುದು. ಯಾರೂ ಹತ್ತಲಿಲ್ಲ, ಏನೂ ತುಂಬಲಿಲ್ಲ, ವಿಮಾನ ಮಾತ್ರ ಭಾರವಾಯಿತು!

ನೀರು ಭಾರ ಹೆಚ್ಚಿಸಿ ಸುಮ್ಮನಾಗುವುದಿಲ್ಲ. ಒದ್ದೆ ಕಾರ್ಪೆಟ್ ಅಲ್ಯೂಮಿನಿಯಂ ತಗಡಿಗೆ ತಿಂಗಳುಗಟ್ಟಲೆ ಅಪ್ಪಿಕೊಂಡಿದ್ದರೆ ತಗಡನ್ನೇ ತಿನ್ನುತ್ತದೆ. ಮೇಲೆ ನೋಡಿದರೆ ಅಂದ. ಎತ್ತಿ ನೋಡಿದರೆ ಬಿಳಿ ಪುಡಿ! ಅದೇ ಅಲ್ಯೂಮಿನಿಯಂನ ತುಕ್ಕು.

ವಿಮಾನದ ಹೊಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಗೊತ್ತೇ? ಒಳಗೆ ಸೇರಿದ ನೀರು ಇಳಿದುಹೋಗಲೆಂದೇ ಇಟ್ಟದ್ದು. ಕಾರ್ಪೆಟ್ ಆ ದಾರಿಗೆ ಅಡ್ಡ ಬರಬಾರದು. ಹಂಚಿನ ಮನೆಯ ದೋಣಿಗೆ ಎಲೆ ಕಟ್ಟಿಕೊಂಡರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕೇ?

ಇನ್ನೊಬ್ಬ ಅತಿಥಿ ಇದ್ದಾನೆ. ಇಲಿ! ಬೆಚ್ಚಗಿನ ಕಾರ್ಪೆಟ್ ಕಂಡರೆ ಗೂಡು ಕಟ್ಟಿಯೇ ಬಿಡುತ್ತಾನೆ. ಅವನ ಉಚ್ಚೆಯೂ ಅಲ್ಯೂಮಿನಿಯಂ ತಿನ್ನುತ್ತದೆ. ಇಷ್ಟು ಪುಟ್ಟ ಪ್ರಾಣಿ, ಇಡೀ ವಿಮಾನಕ್ಕೆ ವೈರಿ!

ಕತ್ತರಿ, ಅಂಟು, ಉತ್ತರಾಣಿ!

ಕಾರ್ಪೆಟ್‌ಗೆ ಕತ್ತರಿ ಇಡುವ ಮೊದಲು ಕಂದು ಕಾಗದ ಬೇಕು. ನೆಲದ ಮೇಲೆ ಹರಡಿ, ಮೂಲೆ ಮೂಲೆಗೆ ಒತ್ತಿ, ಪೆಡಲ್ ಸುತ್ತ ಕತ್ತರಿಸಿ, ದರ್ಜಿ ಅಳತೆ ತೆಗೆದಂತೆ ಮಾದರಿ ತೆಗೆಯುತ್ತಾರೆ. ಕಾಗದ ತಪ್ಪಿದರೆ ಇನ್ನೊಂದು ಕಾಗದ. ಕಾರ್ಪೆಟ್ ತಪ್ಪಿದರೆ?

ತಪ್ಪುವುದು ಎಲ್ಲಿ ಗೊತ್ತೇ? ಗುರುತು ಹಾಕುವುದು ಕಾರ್ಪೆಟ್‌ನ ಬೆನ್ನಿಗೆ. ಅಲ್ಲಿ ಕಾಗದವನ್ನು ಮಗುಚಿ ಇಡಬೇಕು. ಮರೆತು ನೇರ ಇಟ್ಟರೆ ಎಡಗಾಲಿನ ತುಂಡು ಬಲಗಾಲಿನದಾಗಿ ಹುಟ್ಟುತ್ತದೆ! ಅದಕ್ಕೇ ಜಾಣರು ಕಾಗದದ ಮೇಲೆ ‘ಇದು ಮೇಲ್ಮುಖ’ ಎಂದು ದಪ್ಪಗೆ ಬರೆದಿಡುತ್ತಾರೆ.

ನೀಲಗಿರಿಯ ತೋಡ ಬುಡಕಟ್ಟಿನ ಹೆಣ್ಣುಮಕ್ಕಳಿಗೆ ಮಾದರಿ ಕಾಗದವೇ ಬೇಡ. ‘ಪುತ್ತುಕುಳಿ’ ಎಂಬ ಬಿಳಿ ಹೊದಿಕೆಯ ಮೇಲೆ ಕೆಂಪು, ಕಪ್ಪು ದಾರದ ಕಸೂತಿ. ಬರೆದುಕೊಳ್ಳುವುದಿಲ್ಲ, ಗೆರೆ ಎಳೆಯುವುದಿಲ್ಲ. ಬಟ್ಟೆಯ ಎಳೆಗಳನ್ನು ಬೆರಳಲ್ಲೇ ಎಣಿಸುತ್ತ ಸೂಜಿ ಹಾಕುತ್ತಾರೆ!

ಸೂಜಿ ಎಂದಾಗ ನೆನಪಾಯಿತು. ನಿಮ್ಮ ಮನೆಯ ‘ಪೋನಿ’ ಸೂಜಿಯ ಊರು ಯಾವುದು ಗೊತ್ತೇ? ಊಟಿ, ಕೂನೂರಿನ ನಡುವಿನ ಕೇತ್ತಿ! ಅಲ್ಲಿನ ನೀಡಲ್ ಇಂಡಸ್ಟ್ರೀಸ್ ತಯಾರಿಸುವ ಸೂಜಿ ಅದು. ಕಾರ್ಪೆಟ್ ಕತ್ತರಿಸಿದ ಮೇಲೆ ಅಂಚು ಬಿಚ್ಚಿಕೊಳ್ಳದಂತೆ ಹೊಲಿಯಲೇಬೇಕಲ್ಲ, ಸೂಜಿಗೆ ಬೆಟ್ಟ ಇಳಿಯಬೇಕಿಲ್ಲ!

ಒಂದೇ ಸುರುಳಿಯಿಂದ ಕತ್ತರಿಸಿದ ಎರಡು ತುಂಡು ಎರಡು ಬಣ್ಣದಂತೆ ಕಾಣಬಹುದು! ಮಖಮಲ್ಲಿನ ಮೇಲೆ ಬೆರಳಾಡಿಸಿ ನೋಡಿ. ಒಂದು ಕಡೆಗೆ ಸವರಿದರೆ ಕಪ್ಪು, ಇನ್ನೊಂದು ಕಡೆಗೆ ಸವರಿದರೆ ಹೊಳಪು. ಕಾರ್ಪೆಟ್ ಎಳೆಗಳೂ ಒಂದು ಕಡೆಗೆ ಬಾಗಿರುತ್ತವೆ. ಎಲ್ಲ ತುಂಡುಗಳ ಬಾಗೂ ಒಂದೇ ದಿಕ್ಕಿಗಿರಬೇಕು.

ಕಾರ್ಪೆಟ್‌ಗೆ ಬಳಸುವ ಒಂದು ಬಗೆಯ ಅಂಟು ವಿಚಿತ್ರ. ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾದು, ಆಮೇಲೆ ಜೋಡಿಸಬೇಕು. ಮುಟ್ಟಿತೋ ಮುಗಿಯಿತು. ಸರಿಸುವ ಮಾತೇ ಇಲ್ಲ! ಅದರ ಆವಿಗೆ ಕಿಡಿ ತಗುಲಿದರೆ ಭಗ್ಗೆನ್ನುತ್ತದೆ. ಕಿಟಕಿ ಬಾಗಿಲು ತೆರೆದಿಟ್ಟೇ ಕೆಲಸ.

ಥರ್ಮೋಕೋಲಿನ ಮೇಲೆ ಒಂದು ಹನಿ ಪೆಟ್ರೋಲ್ ಬಿದ್ದರೆ ಏನಾಗುತ್ತದೆ? ಸಕ್ಕರೆಯಂತೆ ಕರಗಿ ಗುಂಡಿ ಬೀಳುತ್ತದೆ! ಫೋಮಿನ ವಿಮಾನಗಳಲ್ಲಿ ಕೆಲವು ಭಾಗಗಳು ಇದೇ ಜಾತಿಯ ಫೋಮು. ತಪ್ಪು ಅಂಟು ಹಚ್ಚಿದರೆ ಕಾರ್ಪೆಟ್ ಅಂಟುವುದಿರಲಿ, ಅಡಿಯ ಫೋಮೇ ಮಾಯ! ಅದಕ್ಕೇ ಮೊದಲು ಚೂರಿನ ಮೇಲೆ ಹಚ್ಚಿ ನೋಡುವುದು.

ಉತ್ತರಾಣಿ ಗಿಡದ ಪಕ್ಕ ನಡೆದು ಪಂಚೆಗೆಲ್ಲ ಕಾಳು ಅಂಟಿಸಿಕೊಂಡಿದ್ದೀರಾ? ಸ್ವಿಟ್ಜರ್‌ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್‌ಗೂ 1941ರಲ್ಲಿ ಹಾಗೇ ಆಯಿತು. ಅವರ ನಾಯಿಯ ಮೈಗೆಲ್ಲ ಮುಳ್ಳುಕಾಯಿ! ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಸಣ್ಣ ಕೊಕ್ಕೆಗಳು. ಅಲ್ಲಿಂದ ಹುಟ್ಟಿದ್ದೇ ವೆಲ್ಕ್ರೊ. ವಿಮಾನ ಕಟ್ಟುವವರು ಇಂದು ಕಾರ್ಪೆಟ್ ಹಿಡಿಸಲು ಬಳಸುವುದು ಅದನ್ನೇ!

ಅಂಟು ಬಿಟ್ಟು ವೆಲ್ಕ್ರೊ ಏಕೆ? ಕಾರ್ಪೆಟ್‌ನ ಅಡಿಯಲ್ಲಿ ಮುಚ್ಚಳಗಳಿವೆ. ಮುಚ್ಚಳದಡಿ ನಿಯಂತ್ರಣದ ಸರಳು, ಪೆಟ್ರೋಲ್ ಕೊಳವೆ, ತಂತಿ. ತಪಾಸಣೆಗೆ ಅವನ್ನು ತೆರೆಯಲೇಬೇಕು. ಚರ್ರೆಂದು ಎಳೆದರೆ ಕಾರ್ಪೆಟ್ ಕೈಗೆ ಬರಬೇಕು!

ಪೈಲಟ್ ಕಾಲನ್ನು ಹತ್ತಿರದಿಂದ ನೋಡಿ. ಹಿಮ್ಮಡಿ ನೆಲಕ್ಕೆ ಊರಿರುತ್ತದೆ, ಮುಂಗಾಲು ರಡ್ಡರ್ ಪೆಡಲ್ ಒತ್ತುತ್ತದೆ. ಎಡ, ಬಲ, ಎಡ, ಬಲ. ಎಷ್ಟು ಹಾರಿದರೂ ಹಿಮ್ಮಡಿ ಉಜ್ಜುವುದು ಅದೇ ಎರಡು ಅಂಗೈಯಗಲ ಜಾಗ! ಉಳಿದ ಕಾರ್ಪೆಟ್ ಹೊಸದರಂತಿರುವಾಗಲೇ ಅಲ್ಲಿ ಎಳೆ ಬೋಳಾಗುತ್ತದೆ. ಅದಕ್ಕೇ ಅಲ್ಲಿ ರಬ್ಬರಿನ ತೇಪೆ ಹೊಲಿಯುತ್ತಾರೆ.

ಊಟಿಯಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿಯಲ್ಲಿ ಇಳಿದಿದ್ದೀರಾ? 36 ಹೇರ್‌ಪಿನ್ ತಿರುವು! ಆಗ ಕಾರಿನ ಮ್ಯಾಟ್ ಜಾರಿ ಬ್ರೇಕಿನಡಿ ಸಿಕ್ಕಿಕೊಂಡರೆ? 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸುಮಾರು 38 ಲಕ್ಷ ಕಾರುಗಳ ಮಾಲೀಕರಿಗೆ ಮ್ಯಾಟ್ ತೆಗೆಯಿರಿ ಎಂದು ಹೇಳಬೇಕಾಯಿತು. ಮ್ಯಾಟ್ ಪೆಡಲಿಗೆ ಸಿಕ್ಕಿಕೊಳ್ಳುವ ಭಯ! ವಿಮಾನದಲ್ಲಂತೂ ಪೆಡಲ್ ಬಳಿ ಒಂದು ಸುಕ್ಕೂ ಇರಬಾರದು.

ಬಣ್ಣ ಯಾವುದಿರಲಿ? ಕಪ್ಪು ಕೊಳೆ ಮುಚ್ಚುತ್ತದೆ ಎಂದು ಮನೆಯಲ್ಲಿ ಹೇಳುತ್ತೇವೆ. ವಿಮಾನದಲ್ಲಿ ಕೊಳೆ ಕಾಣಿಸಬೇಕು! ತಿಳಿ ಬಣ್ಣದ ಮೇಲೆ ಎಣ್ಣೆಯ ಒಂದು ಹನಿ ಸೋರಿದರೂ ಕಣ್ಣಿಗೆ ಬೀಳುತ್ತದೆ. ಬಿದ್ದ ಸ್ಕ್ರೂ ಕೂಡ ಸಿಗುತ್ತದೆ. ಮುಚ್ಚಿಡದ ಬಣ್ಣವೇ ಇಲ್ಲಿ ಒಳ್ಳೆಯ ಬಣ್ಣ.

ಇಷ್ಟೆಲ್ಲ ಮಾಡಿಯೂ ಮೊದಲ ಹಾರಾಟಕ್ಕೆ ಎಷ್ಟೋ ಜನ ಕಾರ್ಪೆಟ್ ಹಾಕುವುದೇ ಇಲ್ಲ! ಬರಿಯ ತಗಡಿನ ಮೇಲೇ ಹಾರುತ್ತಾರೆ. ಇಳಿದ ಮೇಲೆ ಎಲ್ಲಿ ಸೋರಿತು, ಎಲ್ಲಿ ಸಡಿಲವಾಯಿತು ಎಂದು ಇಣುಕಿ ನೋಡುತ್ತಾರೆ. ಎಲ್ಲ ಸರಿ ಎಂದಾದ ಮೇಲೆಯೇ ನೆಲಹಾಸಿನ ಸಂಭ್ರಮ.

ಆಮೇಲೆ? ಮತ್ತೆ ತಕ್ಕಡಿ! ಮೂರು ಚಕ್ರಕ್ಕೆ ಮೂರು ತೂಕದ ಯಂತ್ರ ಇಟ್ಟು, ಕಾರ್ಪೆಟ್ ಸಮೇತ ವಿಮಾನವನ್ನು ತೂಗಿ, ಲೆಕ್ಕವನ್ನು ಪುಸ್ತಕಕ್ಕೆ ಬರೆಯುತ್ತಾರೆ. ರೆಕ್ಕೆ, ಎಂಜಿನ್ನುಗಳ ಸಾಲಿನಲ್ಲೇ ಕಾಲಡಿಯ ಕಂಬಳಿಗೂ ಒಂದು ಜಾಗ!

ನಾಳೆ ಬೆಳಗ್ಗೆ ಒಂದು ಕೆಲಸ ಮಾಡಿ. ನಿಮ್ಮ ಮನೆ ಬಾಗಿಲ ಕಾಲೊರಸನ್ನು ಎತ್ತಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಮಳೆ ಬಂದ ಮರುದಿನ ಮತ್ತೊಮ್ಮೆ ತೂಗಿ. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಕಂಡಾಗ, ವಿಮಾನ ಕಟ್ಟುವವರು ಅಂಗಡಿಯಲ್ಲಿ ಬಣ್ಣ ಕೇಳುವ ಮೊದಲು ಗ್ರಾಂ ಏಕೆ ಕೇಳುತ್ತಾರೆಂದು ನಿಮ್ಮ ಕೈಗೇ ತಿಳಿಯುತ್ತದೆ!